ಮೊದಲು ಮರ, ಆಮೇಲೆ ದಿನಾಂಕ: ವಸಂತದ ಹೂನಡಿಗೆಗೆ ತಯಾರಿ

ಮೊದಲ ವರ್ಷ ನಾವು ದೇವರಾಯನದುರ್ಗಕ್ಕೆ ಹೂವು ನೋಡಲು ಹೋದದ್ದು ಏಪ್ರಿಲ್ ತಿಂಗಳ ಎರಡನೆಯ ಭಾನುವಾರ. ವಸಂತ ಋತು ಎಂದು ಪಂಚಾಂಗ ಹೇಳುತ್ತಿತ್ತು, ಮಕ್ಕಳ ಪರೀಕ್ಷೆಗಳು ಮುಗಿದಿದ್ದವು, ಬಸ್ಸು ಕಡಿಮೆ ಬಾಡಿಗೆಗೆ ಸಿಕ್ಕಿತ್ತು. ತುಮಕೂರಿನ ನಮ್ಮ ಬಡಾವಣೆಯ ಉದ್ಯಾನದಲ್ಲಿ ದಿನವೂ ಬೆಳಿಗ್ಗೆ ನಡೆಯುವ ನಲವತ್ತೆರಡು ಮಂದಿ ಹೊರಟೆವು. ಬೆಟ್ಟದ ಬುಡ ತಲುಪಿದಾಗ ಒಂಬತ್ತೂವರೆ. ಬಂಡೆ ಆಗಲೇ ಕಾದಿತ್ತು. ಮುತ್ತುಗದ ಮರಗಳಲ್ಲಿ ಒಂದು ಹೂವೂ ಇರಲಿಲ್ಲ. ಚಪ್ಪಟೆ ಕಾಯಿಗಳು ಗೊಂಚಲು ಗೊಂಚಲಾಗಿ ಜೋತಾಡುತ್ತಿದ್ದವು. ಹನ್ನೊಂದು ಗಂಟೆಯ ಹೊತ್ತಿಗೆ ಇಬ್ಬರು ಹಿರಿಯರಿಗೆ ತಲೆಸುತ್ತು ಬಂತು. ಎಂಟು ವರ್ಷದ ಹುಡುಗಿಯೊಬ್ಬಳು ನನ್ನ ಸೆರಗು ಹಿಡಿದು, “ಅಜ್ಜಿ, ಹೂವು ಎಲ್ಲಿ?” ಎಂದು ಕೇಳಿದಳು. ಅವಳಿಗೆ ಕೊಡಲು ನನ್ನಲ್ಲಿ ಉತ್ತರವಿರಲಿಲ್ಲ.

ಆ ದಿನ ನಾನು ಮಾಡಿದ ತಪ್ಪು ಯಾವುದು ಎಂಬುದನ್ನು ಬಿಡಿಸಿ ಹೇಳಿದರೆ ಇಂದಿನ ವಿಷಯ ಬಹುಪಾಲು ಮುಗಿದ ಹಾಗೆ. ನಾನು ಮೊದಲು ದಿನಾಂಕ ಗೊತ್ತುಮಾಡಿದೆ, ಆಮೇಲೆ ಬಸ್ಸು, ಆಮೇಲೆ ದಾರಿ, ಎಲ್ಲಕ್ಕಿಂತ ಕೊನೆಗೆ ಹೂವು. ಹೂನಡಿಗೆಗೆ ಈ ಸಾಲು ಪೂರ್ತಿ ತಿರುಗಬೇಕು. ಮೊದಲು ಮರ ಗೊತ್ತಾಗಬೇಕು. ಆ ಮರ ಹೇಳಿದ ದಿನ, ಆ ಮರ ಇರುವ ದಾರಿ, ಆ ದಾರಿಗೆ ತಕ್ಕಷ್ಟು ಜನ.

ನಾನು ಸಸ್ಯಶಾಸ್ತ್ರ ಓದಿದವಳಲ್ಲ. ಅಂಚೆ ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ಇಲ್ಲಿ ಕುಳಿತಿರುವ ನಿಮ್ಮಲ್ಲಿ ಹಲವರು ನಿಮ್ಮ ನಿಮ್ಮ ಊರುಗಳಲ್ಲಿ ನಡಿಗೆಯ ಗುಂಪು ನಡೆಸುತ್ತಿದ್ದೀರಿ. ನಾನು ಹೇಳುವುದು ಬೆಟ್ಟ ಸುತ್ತಿ ಕಲಿತದ್ದನ್ನು, ಹಳ್ಳಿಯವರಿಂದಲೂ ಅರಣ್ಯ ವೀಕ್ಷಕರಿಂದಲೂ ಕೇಳಿ ತಿಳಿದದ್ದನ್ನು.

ಮೊದಲಿಗೆ ನಮ್ಮ ವಸಂತ ಎಲ್ಲಿರುತ್ತದೆ ಎಂಬುದನ್ನು ನೋಡೋಣ. ಕಾಡುಹೂವು ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಚಳಿ ದೇಶಗಳ ಚಿತ್ರ: ಹಿಮ ಕರಗಿದ ಹುಲ್ಲುಗಾವಲು, ಮೊಣಕಾಲೆತ್ತರದ ಹೂವಿನ ಹಾಸು. ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಮಾರ್ಚ್ ತಿಂಗಳಲ್ಲಿ ನಮ್ಮ ಬಯಲುಸೀಮೆಯ ಬೆಟ್ಟ ಹತ್ತಿದರೆ ಕಾಣುವುದು ಒಣಹುಲ್ಲು, ಬಿರಿದ ನೆಲ, ತರಗೆಲೆ. ನಮ್ಮಲ್ಲಿ ನೆಲದ ಹೂವುಗಳ ಕಾಲ ಮಳೆಗಾಲದ ಕೊನೆ. ತುಂಬೆ, ಅಣ್ಣೆಸೊಪ್ಪಿನ ಹೂವು, ಹುಲ್ಲಿನ ನಡುವೆ ಇಣುಕುವ ಸಣ್ಣಪುಟ್ಟ ಗಿಡಗಳ ಹೂವು, ಇವೆಲ್ಲ ಆಗಸ್ಟ್‌ನಿಂದ ಅಕ್ಟೋಬರ್‌ವರೆಗಿನ ಬಾಬತ್ತು. ವಸಂತದಲ್ಲಿ ಹೂಬಿಡುವುದು ಮರ. ನೋಡುವವರು ತಲೆ ಎತ್ತಬೇಕು.

ಮಳೆಯೇ ಇಲ್ಲದ ಕಾಲದಲ್ಲಿ, ಎಲೆಯನ್ನೆಲ್ಲ ಉದುರಿಸಿಕೊಂಡು ನಿಂತ ಮರ ಹೂಬಿಡುವುದೇಕೆ ಎಂದು ಪ್ರತಿ ವರ್ಷ ಯಾರಾದರೂ ಕೇಳುತ್ತಾರೆ. ಇದಕ್ಕೆ ಸಿದ್ಧರಾಗಿರಿ, ಏಕೆಂದರೆ ಇಡೀ ನಡಿಗೆಯಲ್ಲಿ ಬರುವ ಅತ್ಯಂತ ಒಳ್ಳೆಯ ಪ್ರಶ್ನೆ ಇದೇ. ಎಲೆ ಇಲ್ಲದ ಕೊಂಬೆಯ ಮೇಲಿನ ಹೂವು ಹಕ್ಕಿಗೂ ಜೇನಿಗೂ ದೂರದಿಂದಲೇ ಕಾಣುತ್ತದೆ. ಮಳೆ ಬಂದು ಪರಾಗ ತೊಳೆದು ಹೋಗುವ ಭಯವಿಲ್ಲ. ಈಗ ಹೂಬಿಟ್ಟರೆ ಮುಂಗಾರಿಗೆ ಮುಂಚಿನ ಬಿಸಿಗಾಳಿಯ ಹೊತ್ತಿಗೆ ಬೀಜ ಬಲಿತು ಹಾರುತ್ತದೆ, ಜೂನ್ ಮಳೆಗೆ ನೆಲದಲ್ಲಿ ಮೊಳೆಯುತ್ತದೆ. ಆಳಕ್ಕೆ ಇಳಿದ ಬೇರು, ಕಾಂಡದಲ್ಲಿ ಉಳಿಸಿಕೊಂಡ ನೀರು, ಇಷ್ಟರ ಬಲದಿಂದ ಮರ ಈ ಕೆಲಸ ಮಾಡುತ್ತದೆ. ಇದನ್ನು ಬೂರುಗದ ಬರಿಗೊಂಬೆಯ ಕೆಳಗೆ ನಿಂತು ಹೇಳಿ. ಬಸ್ಸಿನಲ್ಲಿ ಹೇಳಿದರೆ ಯಾರ ಕಿವಿಗೂ ಬೀಳುವುದಿಲ್ಲ.

ಇನ್ನು ದಿನಾಂಕ. ಶಿವರಾತ್ರಿಗೆ ಚಳಿ ‘ಶಿವ ಶಿವ’ ಎನ್ನುತ್ತ ಹೋಗುತ್ತದೆ ಎಂಬ ಮಾತು ನಿಮಗೆಲ್ಲ ಗೊತ್ತು. ನಮ್ಮ ಭಾಗದ ಹೂನಡಿಗೆಗೆ ಆ ಮಾತೇ ಆರಂಭದ ಗಂಟೆ. ಶಿವರಾತ್ರಿಯ ಆಸುಪಾಸಿನಲ್ಲಿ ಬೂರುಗ ಮತ್ತು ಮುತ್ತುಗ. ಅವುಗಳ ಬೆನ್ನಿಗೆ ಬಂಡೆಗಳ ನಡುವೆ ಅರಿಶಿನ ಬೂರುಗ; ಬೆಟ್ಟದಾವರೆ ಎಂದೂ ಕರೆಯುತ್ತಾರೆ. ಮಾರ್ಚ್ ನಡುವಿನಿಂದ ಜಾಲಾರಿ. ಯುಗಾದಿಯ ಹೊತ್ತಿಗೆ ಬೇವಿನ ಹೂವು, ಹೊಂಗೆಯ ಚಿಗುರು. ಹೊಂಗೆಯ ಹೂವು, ಕಕ್ಕೆಯ ಹಳದಿ ಗೊಂಚಲು ಏಪ್ರಿಲ್ ದಾಟಿ ಮೇ ತಿಂಗಳಿಗೆ. ನೋಡಿ, ಇವೆಲ್ಲವನ್ನೂ ಒಂದೇ ಭಾನುವಾರದಲ್ಲಿ ಹಿಡಿಯಲು ಯಾರಿಂದಲೂ ಆಗದು. ಆದ್ದರಿಂದ ನಾವು ಈಗ ಒಂದು ದೊಡ್ಡ ಪ್ರವಾಸದ ಬದಲು ಮೂರು ಚಿಕ್ಕ ನಡಿಗೆ ಇಟ್ಟುಕೊಳ್ಳುತ್ತೇವೆ. ಒಂದು ಮುತ್ತುಗದ ನಡಿಗೆ, ಒಂದು ಜಾಲಾರಿಯ ನಡಿಗೆ, ಒಂದು ಹೊಂಗೆಯ ನಡಿಗೆ. ಹೆಸರು ಮರದ್ದೇ. “ದೇವರಾಯನದುರ್ಗದ ನಡಿಗೆ” ಎಂದು ಕರೆದರೆ ಜನ ತುದಿ ಮುಟ್ಟಲು ಬರುತ್ತಾರೆ, “ಜಾಲಾರಿಯ ನಡಿಗೆ” ಎಂದರೆ ಜಾಲಾರಿ ನೋಡಲು ಬರುತ್ತಾರೆ.

ಹೂವು ಕ್ಯಾಲೆಂಡರ್ ನೋಡಿ ಅರಳುವುದಿಲ್ಲ. ಹಿಂದಿನ ವರ್ಷದ ಮಳೆ, ಚಳಿ ಬಿಟ್ಟ ಹೊತ್ತು, ಮರ ನಿಂತ ಜಾಗ, ಎಲ್ಲದರ ಲೆಕ್ಕವೂ ಇದೆ. ಕಣಿವೆಯ ಮುತ್ತುಗವೂ ಬಂಡೆಯ ಬದಿಯ ಮುತ್ತುಗವೂ ಒಂದೇ ವಾರ ಅರಳುವುದಿಲ್ಲ. ಇದಕ್ಕೆ ನನಗೆ ಗೊತ್ತಿರುವ ಮದ್ದು ಒಂದೇ, ನೋಟ್‌ಬುಕ್. ನಾನು ಹನ್ನೊಂದು ಮರಗಳನ್ನು ಆರಿಸಿಕೊಂಡಿದ್ದೇನೆ. ಜನವರಿಯಿಂದ ವಾರಕ್ಕೊಮ್ಮೆ ಅದೇ ಮರಗಳ ಕೆಳಗೆ ನಿಂತು ಬರೆಯುತ್ತೇನೆ: ಎಲೆ ಇದೆಯೇ, ಉದುರಿತೇ, ಮೊಗ್ಗು ಬಂತೇ, ಅರಳಿದ್ದು ಕಾಲುಭಾಗವೋ ಅರ್ಧವೋ, ಕಾಯಿ ಕಟ್ಟಿತೇ. ಹತ್ತು ನಿಮಿಷದ ಕೆಲಸ. ಇದನ್ನೇ ದೇಶಾದ್ಯಂತ ಶಾಲಾಮಕ್ಕಳೂ ಆಸಕ್ತರೂ ಸೇರಿ ಮಾಡುತ್ತಿದ್ದಾರೆ; ಸೀಸನ್‌ವಾಚ್ ಎಂಬ ಯೋಜನೆಯಲ್ಲಿ ಮರಗಳ ಚಿಗುರು, ಹೂವು, ಹಣ್ಣುಗಳನ್ನು ವಾರವಾರವೂ ದಾಖಲಿಸುತ್ತಾರೆ. ನಿಮ್ಮ ಗುಂಪಿನಲ್ಲಿ ಮೊಬೈಲ್ ಚೆನ್ನಾಗಿ ಬಳಸುವ ಯುವಕರಿದ್ದರೆ ಅವರಿಗೆ ಈ ಕೆಲಸ ಒಪ್ಪಿಸಿ. ನನಗೆ ಪೆನ್ಸಿಲ್ಲೇ ಹಿತ. ಎರಡು ವರ್ಷ ಬರೆದ ಮೇಲೆ ಮೂರನೆಯ ವರ್ಷ ಮೊಗ್ಗಿನ ಗಾತ್ರ ನೋಡಿಯೇ “ಇನ್ನು ಹತ್ತು ದಿನ” ಎಂದು ಹೇಳುವ ಧೈರ್ಯ ಬರುತ್ತದೆ.

ಆ ಹತ್ತು ದಿನವೇ ನಿಮ್ಮ ಪ್ರಕಟಣೆಯ ಅವಧಿ. ಜನವರಿಯಲ್ಲಿ ನಾವು ಸದಸ್ಯರಿಗೆ ಹೇಳುವುದು ಇಷ್ಟೇ: “ಫೆಬ್ರವರಿಯ ಕೊನೆಯ ಎರಡು ಭಾನುವಾರ ಬಿಡುವು ಇಟ್ಟುಕೊಂಡಿರಿ, ಅವುಗಳಲ್ಲಿ ಒಂದು ನಡಿಗೆಯ ದಿನ.” ಯಾವುದು ಎಂಬುದನ್ನು ಮರ ನೋಡಿ ತಿಳಿಸುತ್ತೇವೆ. ಮೊದಮೊದಲು ಇದಕ್ಕೆ ಗೊಣಗಾಟ ಇತ್ತು. ಈಗ ಅವರೇ ಫೋನ್ ಮಾಡಿ, “ಏನಂತೆ ನಿಮ್ಮ ಮುತ್ತುಗ?” ಎಂದು ಕೇಳುತ್ತಾರೆ.

ದಿನಾಂಕದ ವಿಷಯದಲ್ಲಿ ಇನ್ನೊಂದು ಮಾತು. ದೇವರಾಯನದುರ್ಗದಲ್ಲಿ ಬುಡದಲ್ಲಿ ಭೋಗನರಸಿಂಹ, ಮೇಲೆ ಯೋಗನರಸಿಂಹ. ಫಾಲ್ಗುಣದಲ್ಲಿ ರಥೋತ್ಸವ. ಆ ದಿನಗಳಲ್ಲಿ ಬೆಟ್ಟ ಭಕ್ತರದ್ದು. ರಸ್ತೆಯ ತುಂಬ ವಾಹನ, ಜನ. ತೇರಿಗೆ ಹೋಗುವುದಾದರೆ ತೇರಿಗೇ ಹೋಗಿ, ಹೂವಿಗೆ ಬೇರೊಂದು ದಿನ ಇಟ್ಟುಕೊಳ್ಳಿ. ನಿಮ್ಮ ಊರಿನ ಬೆಟ್ಟಕ್ಕೂ ಒಂದು ಜಾತ್ರೆ ಇದ್ದೇ ಇರುತ್ತದೆ, ವಿಚಾರಿಸಿಕೊಳ್ಳಿ.

ಈಗ ಅನುಮತಿ. ನಮ್ಮ ಬೆಟ್ಟಗಳಲ್ಲಿ ಬಹುಪಾಲು ಮೀಸಲು ಅರಣ್ಯ. ಫೆಬ್ರವರಿಯಿಂದ ಮೇ ತಿಂಗಳವರೆಗೆ ಕಾಡ್ಗಿಚ್ಚಿನ ಕಾಲ, ಅದೇ ನಮ್ಮ ಹೂವಿನ ಕಾಲವೂ ಹೌದು. 2019ರ ಫೆಬ್ರವರಿಯಲ್ಲಿ ಬಂಡೀಪುರ ಹೊತ್ತಿ ಉರಿದದ್ದು ನಿಮಗೆ ನೆನಪಿರಬಹುದು. ಈ ದಿನಗಳಲ್ಲಿ ಕಾಡಿನೊಳಗೆ ಜನರನ್ನು ಬಿಡಲು ಅರಣ್ಯ ಇಲಾಖೆ ಹಿಂಜರಿಯುವುದು ಸಹಜ, ಅದು ಸರಿಯೂ ಹೌದು. 2024ರ ಜನವರಿಯಲ್ಲಿ ಕುಮಾರಪರ್ವತಕ್ಕೆ ಒಂದೇ ವಾರಾಂತ್ಯದಲ್ಲಿ ಸಾವಿರಾರು ಚಾರಣಿಗರು ನುಗ್ಗಿದ ಮೇಲೆ ಮುಂಗಡ ನೋಂದಣಿಯ ನಿಯಮಗಳು ಬಿಗಿಯಾದವು. ಆದ್ದರಿಂದ ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ಜನವರಿಯಲ್ಲೇ ಒಂದು ಪತ್ರ ಕೊಡಿ. ಎಷ್ಟು ಜನ, ಯಾವ ಹೊತ್ತು, ಯಾವ ದಾರಿ, ಯಾರು ಹೊಣೆ, ಎಲ್ಲವನ್ನೂ ಬರೆಯಿರಿ. ನಾವು ಸಾಮಾನ್ಯವಾಗಿ ಕೇಳುವುದು ಕಾಡಿನೊಳಗಿನ ಜಾಡನ್ನಲ್ಲ, ಬೆಟ್ಟದ ರಸ್ತೆ ಮತ್ತು ಮೆಟ್ಟಿಲುಗಳನ್ನು. ಮರ ಮೇಲಿರುವುದರಿಂದ ರಸ್ತೆಯಿಂದಲೇ ಚೆನ್ನಾಗಿ ಕಾಣುತ್ತದೆ. ಜೊತೆಗೆ ಒಬ್ಬ ಅರಣ್ಯ ವೀಕ್ಷಕರನ್ನು ಕಳುಹಿಸಿಕೊಡಿ ಎಂದು ವಿನಂತಿಸಿ. ನಮ್ಮೊಡನೆ ಬರುವ ವೀಕ್ಷಕರು ಎರಡನೆಯ ವರ್ಷ ತೋರಿಸಿದ ಒಂದು ಜಾಲಾರಿ ಮರ ಇವತ್ತಿಗೂ ನಮ್ಮ ನಡಿಗೆಯ ನಡುಗಂಬ.

ಬೆಂಕಿಪೊಟ್ಟಣ, ಬೀಡಿ, ಸಿಗರೇಟು ಯಾರ ಜೇಬಿನಲ್ಲೂ ಇರಬಾರದು. ಇದನ್ನು ನಾನು ಬಸ್ ಹತ್ತುವ ಮುಂಚೆ ಒಬ್ಬೊಬ್ಬರನ್ನೂ ಕೇಳುತ್ತೇನೆ. ಬೇಸರ ಮಾಡಿಕೊಂಡವರಿದ್ದಾರೆ, ಆದರೂ ಕೇಳುತ್ತೇನೆ.

ಅನುಮತಿ ಸಿಕ್ಕ ಮೇಲೆ ಮುನ್ನಡಿಗೆ. ಗುಂಪನ್ನು ಕರೆದುಕೊಂಡು ಹೋಗುವ ಒಂದು ವಾರ ಮುಂಚೆ, ಅದೇ ವಾರದ ದಿನ, ಅದೇ ಹೊತ್ತಿಗೆ, ಅದೇ ದಾರಿಯಲ್ಲಿ ಇಬ್ಬರು ನಡೆದು ಬರುವುದು. ಅದೇ ಹೊತ್ತಿಗೆ ಎಂಬುದು ಮುಖ್ಯ. ಸಂಜೆ ನಾಲ್ಕಕ್ಕೆ ನೆರಳಿರುವ ತಿರುವಿನಲ್ಲಿ ಬೆಳಿಗ್ಗೆ ಎಂಟಕ್ಕೆ ಬಿಸಿಲು ಮುಖಕ್ಕೆ ಹೊಡೆಯುತ್ತದೆ. ಮುನ್ನಡಿಗೆಗೆ ನಾನು ಗುಂಪಿನಲ್ಲಿ ಎಲ್ಲರಿಗಿಂತ ನಿಧಾನವಾಗಿ ನಡೆಯುವವರನ್ನು ಜೊತೆಗೆ ಕರೆದುಕೊಂಡು ಹೋಗುತ್ತೇನೆ. ಎಪ್ಪತ್ತು ದಾಟಿದ, ಮಂಡಿನೋವಿನ ಹಿರಿಯರೊಬ್ಬರು ಮೂರು ವರ್ಷ ನನ್ನೊಡನೆ ಬಂದರು. ಅವರು ನಿಂತ ಕಡೆ ನಾನು ನೋಟ್‌ಬುಕ್ಕಿನಲ್ಲಿ ಗುರುತು ಹಾಕುತ್ತಿದ್ದೆ. ಆ ಗುರುತುಗಳೇ ನಮ್ಮ ನಿಲುಗಡೆಗಳು. ಅಚ್ಚರಿಯೆಂದರೆ ಉಸಿರು ತೆಗೆದುಕೊಳ್ಳಲು ನಿಂತ ಜಾಗದಲ್ಲೇ ನಾವು ಹೆಚ್ಚು ಹೂವುಗಳನ್ನು ಕಂಡೆವು. ಬಂಡೆಯ ಸಂದಿನಲ್ಲಿ ಕವಳೆಯ ಪೊದೆ ಬಿಳಿ ಹೂವು ಬಿಟ್ಟಿದ್ದನ್ನು ಮೊದಲು ನೋಡಿದವರು ಅವರೇ, ಮಂಡಿ ನೀವಿಕೊಳ್ಳಲು ಕುಳಿತಾಗ.

ದೂರ ಎಷ್ಟು ಎಂದು ಕೇಳುತ್ತೀರಿ. ಎರಡೂವರೆ ಕಿಲೋಮೀಟರ್, ಮೂರು ಗಂಟೆ. ಹೌದು, ಅಷ್ಟೇ. ಉದ್ಯಾನದಲ್ಲಿ ನಾವು ಅರ್ಧ ಗಂಟೆಯಲ್ಲಿ ಮುಗಿಸುವ ದೂರ ಇದು. ವೇಗದ ನಡಿಗೆಗೆ ವರ್ಷದ ಉಳಿದ ದಿನಗಳಿವೆ. ಇಲ್ಲಿ ಒಂದು ಮರಕ್ಕೆ ಹದಿನೈದು ನಿಮಿಷ ಕೊಡದಿದ್ದರೆ ಬಂದದ್ದೇ ವ್ಯರ್ಥ.

ಮುನ್ನಡಿಗೆಯಲ್ಲಿ ನೋಡಲೇಬೇಕಾದ ಇನ್ನೊಂದನ್ನು ನಾನು ಸಂಕೋಚವಿಲ್ಲದೆ ಹೇಳುತ್ತೇನೆ: ಶೌಚಾಲಯ. ಹೆಂಗಸರು ನಡಿಗೆಗೆ ಬಾರದಿರಲು, ಬಂದರೂ ನೀರು ಕುಡಿಯದೆ ಬಿಸಿಲಿನಲ್ಲಿ ಬಳಲಲು ಇದೇ ಕಾರಣ. ಶೌಚಾಲಯ ಎಲ್ಲಿದೆ, ಬೆಳಿಗ್ಗೆ ಏಳಕ್ಕೆ ಬೀಗ ತೆಗೆದಿರುತ್ತದೆಯೇ, ನೀರು ಬರುತ್ತದೆಯೇ, ಬೀಗದ ಕೈ ಯಾರ ಬಳಿ ಇದೆ, ಎಲ್ಲವನ್ನೂ ಕೇಳಿಕೊಂಡು ಬನ್ನಿ. ಪ್ರಕಟಣೆಯಲ್ಲಿ ಅದನ್ನು ಸ್ಪಷ್ಟವಾಗಿ ಬರೆಯಿರಿ. ನಾವು ಹಾಗೆ ಬರೆದ ವರ್ಷದಿಂದ ಗುಂಪಿನಲ್ಲಿ ಹೆಂಗಸರೇ ಹೆಚ್ಚು.

ಇಪ್ಪತ್ತಕ್ಕಿಂತ ಹೆಚ್ಚು ಜನ ಬೇಡ. ಇಪ್ಪತ್ತೊಂದನೆಯವರಿಗೆ ಮುಂದಿನ ನಡಿಗೆಯಲ್ಲಿ ಜಾಗ. ಮುಂದೆ ಒಬ್ಬರು, ಕೊನೆಯಲ್ಲಿ ಒಬ್ಬರು. ಕೊನೆಯವರನ್ನು ಆರಿಸುವಾಗ ಬಹಳ ಯೋಚಿಸಿ. ಹಿಂದುಳಿದವರ ಮೇಲೆ ರೇಗದವರು, ತಾನೇ ನಿಧಾನಕ್ಕೆ ನಡೆಯುವುದು ಎಂಬಂತೆ ಅವರ ಪಕ್ಕ ನಡೆಯಬಲ್ಲವರು ಬೇಕು. ಮುಂದಿರುವವರಿಗೆ ಹೂವು ಗೊತ್ತಿದ್ದರೆ ಸಾಕು, ಕೊನೆಯಲ್ಲಿರುವವರಿಗೆ ಮನುಷ್ಯರು ಗೊತ್ತಿರಬೇಕು.

ಹೊರಡುವ ಹೊತ್ತು ಆರೂವರೆ, ಅಂದರೆ ಬೆಳಕು ಹರಿದ ಮೇಲೆ. ಇನ್ನೂ ಬೇಗ ಹೊರಟರೆ ತಂಪಲ್ಲವೇ ಎಂದು ಕೇಳುವವರಿದ್ದಾರೆ. ತುಮಕೂರಿನ ಬೆಟ್ಟಗಳಲ್ಲಿ ಕರಡಿ, ಚಿರತೆ ಎರಡೂ ಇವೆ. ಹಿಪ್ಪೆಯ ಹೂವು ಉದುರುವುದು ಬೆಳಗಿನ ಜಾವ. ಕೆನೆಬಣ್ಣದ, ರಸತುಂಬಿದ ಸಿಹಿ ಹೂವು. ಕರಡಿಗೆ ಅದೆಂದರೆ ಪ್ರಾಣ. ಮಬ್ಬುಗತ್ತಲೆಯಲ್ಲಿ ಹಿಪ್ಪೆಯ ಮರದ ಕೆಳಗೆ ನಮಗೆ ಕೆಲಸವಿಲ್ಲ. ಒಂಬತ್ತೂಮುಕ್ಕಾಲಿಗೆ ನೆರಳಿಗೆ ವಾಪಸ್ ಬಂದಿರಬೇಕು.

ಮುತ್ತುಗದ ಕೆಳಗೆ ನಾವು ಏನು ಮಾಡುತ್ತೇವೆ ಎಂಬುದನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ. ದೂರದಿಂದ ಎಲ್ಲರೂ “ಆಹಾ, ಬೆಂಕಿ ಹತ್ತಿದ ಹಾಗಿದೆ” ಎನ್ನುತ್ತಾರೆ, ಫೋಟೋ ತೆಗೆಯುತ್ತಾರೆ, ಮುಂದೆ ಹೊರಡಲು ಸಿದ್ಧರಾಗುತ್ತಾರೆ. ಆಗ ನಾನು ಹೇಳುವುದು: ನೆಲದಲ್ಲಿ ಬಿದ್ದಿರುವ ಒಂದೊಂದು ಹೂವನ್ನು ಎತ್ತಿ ಅಂಗೈಯಲ್ಲಿ ಇಟ್ಟುಕೊಳ್ಳಿ. ತೊಟ್ಟಿನ ಹತ್ತಿರ ಕಂದುಗಪ್ಪು ಮಖಮಲ್ಲಿನಂಥ ಬಟ್ಟಲು, ಬೆರಳಿನಿಂದ ಸವರಿ ನೋಡಿ. ಅದರಿಂದ ಹೊರಟ ಎಸಳುಗಳ ಕಿತ್ತಳೆಯ ಮೇಲೆ ಬೆಳ್ಳಿಯಂಥ ನವಿರು ರೋಮ. ಬೆಳಕಿಗೆ ಓರೆ ಹಿಡಿದರೆ ಮಾತ್ರ ಕಾಣುತ್ತದೆ. ಒಂದು ಎಸಳು ಗಿಳಿಯ ಕೊಕ್ಕಿನಂತೆ ಬಾಗಿದೆ. ಆ ಕೊಕ್ಕನ್ನು ಮೆಲ್ಲನೆ ಬಿಡಿಸಿದರೆ ಒಳಗೆ ಕೇಸರಗಳು ಮಡಿಸಿ ಕುಳಿತಿವೆ. ಈಗ ಮೂಸಿ ನೋಡಿ. ವಾಸನೆಯೇ ಇಲ್ಲ!

ಅಲ್ಲಿ ಎಲ್ಲರೂ ಒಂದು ಕ್ಷಣ ತಡೆಯುತ್ತಾರೆ. ಇಷ್ಟು ದೊಡ್ಡ ಹೂವಿಗೆ ಪರಿಮಳವೇ ಇಲ್ಲವೇ? ಏಕೆಂದರೆ ಇದು ಕರೆಯುತ್ತಿರುವುದು ಹಕ್ಕಿಗಳನ್ನು, ಹಕ್ಕಿಗೆ ಬಣ್ಣ ಸಾಕು. ಇಷ್ಟು ಹೇಳಿ ನಾನು ಸುಮ್ಮನಾಗುತ್ತೇನೆ. ಐದು ನಿಮಿಷ ಯಾರೂ ಮಾತನಾಡುವಂತಿಲ್ಲ. ಮೊದಲು ಬರುವುದು ಸೂರಕ್ಕಿ, ಆಮೇಲೆ ಪಿಕಳಾರ, ಗೊರವಂಕ. ಅಳಿಲು ತಲೆಕೆಳಗಾಗಿ ಇಳಿದು ಮೂತಿ ತೂರಿಸುತ್ತದೆ. ಕಾಜಾಣ ಬಂದು ಎಲ್ಲರನ್ನೂ ಓಡಿಸುತ್ತದೆ. ಒಂದು ವರ್ಷ ಗುಲಾಬಿ ಕಬ್ಬಕ್ಕಿಗಳ ಹಿಂಡೇ ಬಂದಿತ್ತು, ಮಧ್ಯ ಏಷ್ಯಾದ ಕಡೆಯಿಂದ ಚಳಿಗಾಲಕ್ಕೆ ಬಂದವು, ವಾಪಸ್ ಹೊರಡುವ ಮುಂಚೆ. ಮರ ತಾನೇ ತನ್ನ ಕಥೆ ಹೇಳಿಕೊಳ್ಳುವಾಗ ಮಾರ್ಗದರ್ಶಕರು ಬಾಯಿ ಮುಚ್ಚಿಕೊಂಡಿರುವುದು ಒಳ್ಳೆಯದು.

ಆಮೇಲೆ ಗುಂಪಿನವರ ಸರದಿ. ಇದಕ್ಕೂ ಸಮಯ ಇಟ್ಟುಕೊಂಡಿರಬೇಕು. ಒಮ್ಮೆ ಕುಣಿಗಲ್ ಕಡೆಯ ಒಬ್ಬ ಅಜ್ಜಿ, ಮೊಮ್ಮಗನ ಕೈಹಿಡಿದು ಬಂದವರು, ಮುತ್ತುಗದ ಕೆಳಗೆ ಕುಳಿತುಬಿಟ್ಟರು. “ಹೂವು ನಾನು ನೋಡೇ ಇರಲಿಲ್ಲ ಕಣಮ್ಮ, ನಮಗೆ ಎಲೆಯದೇ ಚಿಂತೆ” ಎಂದರು. ಚಿಕ್ಕಂದಿನಲ್ಲಿ ಮದುವೆಯ ಮನೆಗಳಿಗೆ ಊಟದ ಇಸ್ತ್ರಿ ಎಲೆ ಹಚ್ಚುತ್ತಿದ್ದರಂತೆ. ಅಲ್ಲೇ ಬಿದ್ದಿದ್ದ ಹಳೆಯ ಎಲೆ ನಾಲ್ಕು ಆಯ್ದು, ಹುಲ್ಲಿನ ಕಡ್ಡಿಯಿಂದ ಚುಚ್ಚಿ ಹೇಗೆಂದು ತೋರಿಸಿದರು. ಒಣ ಎಲೆ ಮುರಿಯಿತು, ಬೆರಳು ಮಾತ್ರ ತಡಬಡಿಸಲಿಲ್ಲ. ಮುತ್ತುಗಕ್ಕೆ ಒಂದು ತೊಟ್ಟಿಗೆ ಮೂರು ಎಲೆ. ನಡುವಿನದು ದೊಡ್ಡದು, ಅದು ಊಟದೆಲೆಗೆ, ಪಕ್ಕದವು ದೊನ್ನೆಗೆ ಎಂದು ಅವರ ಮನೆಯ ಲೆಕ್ಕ. ಇನ್ನೊಬ್ಬರು ಬಳ್ಳಾರಿಯ ಕಡೆಯವರು, ತಮ್ಮಲ್ಲಿ ಇದಕ್ಕೆ ಮುತ್ತಲ ಎನ್ನುತ್ತಾರೆ, ಹೂವನ್ನು ಕುದಿಸಿ ಕಾಮನ ಹಬ್ಬಕ್ಕೆ ಬಣ್ಣ ಮಾಡುತ್ತಿದ್ದೆವು ಎಂದರು. ನಾನು ತಯಾರಿ ಮಾಡಿಕೊಂಡು ಹೋಗಿದ್ದ ಮಾತುಗಳೆಲ್ಲ ಹಾಗೇ ಉಳಿದವು. ಒಳ್ಳೆಯದೇ ಆಯಿತು.

ವೈಜ್ಞಾನಿಕ ಹೆಸರುಗಳ ಪಟ್ಟಿ ಒಪ್ಪಿಸುವ ಚಪಲ ಬೇಡ ಎಂದು ನಾನು ಹೇಳುವುದು ಇದಕ್ಕೇ. ಕೇಳಿದವರಿಗೆ ಹೇಳಿ, ಚೀಟಿಯಲ್ಲಿ ಬರೆದುಕೊಡಿ. ಆದರೆ ಗುಂಪಿನಲ್ಲಿ ಮೊದಲು ಕೇಳಬೇಕಾದದ್ದು “ನಿಮ್ಮ ಊರಿನಲ್ಲಿ ಇದಕ್ಕೆ ಏನನ್ನುತ್ತಾರೆ?” ಎಂದು. ಆವರಿಕೆ ಎಂದೊಬ್ಬರು, ತಂಗಡಿ ಎಂದು ಇನ್ನೊಬ್ಬರು, ಒಂದೇ ಗಿಡ. ಆ ಎರಡು ಹೆಸರಿನ ನಡುವೆ ಅವರಿಬ್ಬರಿಗೆ ಪರಿಚಯವಾಗುತ್ತದೆ.

ಜಾಲಾರಿಯ ನಡಿಗೆ ಇದಕ್ಕೆ ತದ್ವಿರುದ್ಧ. ಅಲ್ಲಿ ಕಣ್ಣಿಗೆ ಕೆಲಸ ಕಡಿಮೆ. ಕೆನೆಬಿಳಿಯ ಸಣ್ಣ ಸಣ್ಣ ಹೂವು, ಎತ್ತರದಲ್ಲಿ ಗೊಂಚಲು. ಆದರೆ ಮರ ಕಾಣುವ ಮುಂಚೆ, ತಿರುವಿನ ಈಚೆಗೇ ಪರಿಮಳ ಬಂದು ಮೂಗಿಗೆ ತಾಗುತ್ತದೆ. ಇದು ಸಾಲವೃಕ್ಷದ ಹತ್ತಿರದ ನೆಂಟ. ಉತ್ತರದ ಕಾಡುಗಳಲ್ಲಿ ಸಾಲ ಇದ್ದಂತೆ ನಮ್ಮ ಒಣಬೆಟ್ಟಗಳಲ್ಲಿ ಜಾಲಾರಿ. ಹಿಂದೆ ಮೈಸೂರು ಸೀಮೆಯಲ್ಲಿ ಅರಗಿನ ಹುಳುವನ್ನು ಸಾಕುತ್ತಿದ್ದದ್ದು ಇದರ ಮೇಲೆ. ಈ ನಡಿಗೆಗೆ ನಮ್ಮಲ್ಲಿ ಕಣ್ಣು ಮಂದವಾದವರಿಗೆ ಮೊದಲ ಆದ್ಯತೆ. ಕಳೆದ ವರ್ಷ ಗ್ಲಾಕೋಮಾದಿಂದ ದೃಷ್ಟಿ ಬಹುಪಾಲು ಹೋಗಿರುವ ಒಬ್ಬರು, ಮಗಳ ಭುಜ ಹಿಡಿದು ನಡೆಯುತ್ತಿದ್ದವರು, ನಮಗೆಲ್ಲರಿಗಿಂತ ಇಪ್ಪತ್ತು ಹೆಜ್ಜೆ ಮೊದಲೇ ನಿಂತು, “ಇಲ್ಲೇ ಇದೆ” ಎಂದರು. ಅವತ್ತಿನ ಮಾರ್ಗದರ್ಶಕರು ಅವರೇ.

ಇಲ್ಲಿ ಹೂವಿನ ವಿಷಯ ಸ್ವಲ್ಪ ಬದಿಗಿಟ್ಟು ನೀರಿನ ಮಾತು ಆಡುತ್ತೇನೆ. ದೇವರಾಯನದುರ್ಗ ಸುಮಾರು 1,200 ಮೀಟರ್ ಎತ್ತರದ ಬೆಟ್ಟ. ಜಯಮಂಗಲಿ ಹುಟ್ಟುವುದು ಇಲ್ಲೇ, ಶಿಂಷಾ ಹುಟ್ಟುವುದೂ ಇಲ್ಲೇ. ಒಂದು ಉತ್ತರಕ್ಕೆ ಹರಿದು ಪೆನ್ನಾರ್ ಸೇರುತ್ತದೆ, ಇನ್ನೊಂದು ದಕ್ಷಿಣಕ್ಕೆ ಹರಿದು ಕಾವೇರಿ ಸೇರುತ್ತದೆ. ಬುಡದಲ್ಲಿರುವ ನಾಮದ ಚಿಲುಮೆಯಲ್ಲಿ, ರಾಮ ಹಣೆಗೆ ನಾಮ ಇಟ್ಟುಕೊಳ್ಳಲು ನೀರಿಲ್ಲದೆ ಬಾಣ ಬಿಟ್ಟನೆಂಬ ಕಥೆಯ ಆ ಬಂಡೆಯಲ್ಲಿ, ಸುಡುಬೇಸಿಗೆಯಲ್ಲೂ ನೀರು ಜಿನುಗುತ್ತದೆ. ಮೇಲೆ ಒಣಗಿದಂತೆ ಕಾಣುವ ಬೆಟ್ಟ ಒಳಗೆ ನೀರು ಹಿಡಿದಿಟ್ಟುಕೊಂಡಿದೆ. ಬರಿಗೊಂಬೆಯಲ್ಲಿ ಹೂವು ಹೇಗೆ ಎಂಬ ಪ್ರಶ್ನೆಗೆ ಉತ್ತರವನ್ನು ನಾನು ಒಮ್ಮೊಮ್ಮೆ ಇಲ್ಲಿ, ಚಿಲುಮೆಯ ಪಕ್ಕದಲ್ಲಿ ಹೇಳುವುದುಂಟು.

ಅಪಾಯಗಳ ವಿಷಯ. ಬಯಲುಸೀಮೆಯ ಬಂಡೆಬೆಟ್ಟಗಳಲ್ಲಿ ನಾನು ಅತಿ ಹೆಚ್ಚು ಹೆದರುವುದು ಹೆಜ್ಜೇನಿಗೆ. ಹೂವಿನ ಕಾಲ ಅವುಗಳ ಕಾಲವೂ ಹೌದು. ಮುನ್ನಡಿಗೆಯಲ್ಲಿ ಬಂಡೆಯ ಸೂರು, ದೊಡ್ಡ ಮರದ ಕೊಂಬೆ, ಕಟ್ಟಡದ ಮಾಡು, ಎಲ್ಲೆಲ್ಲಿ ಜೇನಿನ ಹಲ್ಲೆ ಇದೆಯೆಂದು ನೋಡಿಕೊಳ್ಳಿ. ಒಂದು ವರ್ಷ ನಾವು ಗೊತ್ತುಮಾಡಿದ್ದ ಕೊನೆಯ ನಿಲುಗಡೆಯ ಮೇಲೆಯೇ ಏಳು ಹಲ್ಲೆಗಳಿದ್ದವು. ಆ ಭಾಗವನ್ನೇ ಕೈಬಿಟ್ಟೆವು. ನಡಿಗೆಯ ದಿನ ಸುಗಂಧದ್ರವ್ಯ ಹಾಕಿಕೊಂಡು ಬರಬಾರದು, ಹೊಗೆ ಮಾಡಬಾರದು, ಕಲ್ಲು ಎಸೆಯಬಾರದು, ಗಲಾಟೆ ಮಾಡಬಾರದು. ಜೇನು ಎದ್ದರೆ ಕೈ ಬೀಸುತ್ತ ನಿಲ್ಲದೆ, ಮುಖ ತಲೆ ಮುಚ್ಚಿಕೊಂಡು ಬಸ್ಸಿನ ಕಡೆಗೋ ಕಟ್ಟಡದ ಒಳಗೋ ಓಡಬೇಕು. ಇದನ್ನು ಹೊರಡುವ ಮುಂಚೆ ಎಲ್ಲರಿಂದಲೂ ಬಾಯಿಬಿಟ್ಟು ಹೇಳಿಸಿ.

ಮಲೆನಾಡಿನಿಂದ ಬಂದವರು ಇಲ್ಲಿದ್ದೀರಿ. ನಿಮ್ಮ ಲೆಕ್ಕ ಬೇರೆ. ಮಂಗನ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾದದ್ದು ಸೊರಬದ ಕ್ಯಾಸನೂರು ಕಾಡಿನಲ್ಲಿ. ಅದನ್ನು ಹರಡುವ ಉಣುಗಿನ ಮರಿಗಳು ಚುರುಕಾಗಿರುವುದು ಡಿಸೆಂಬರ್‌ನಿಂದ ಮೇ ತಿಂಗಳವರೆಗೆ. ಕಾಯಿಲೆ ವರದಿಯಾದ ತಾಲ್ಲೂಕುಗಳಲ್ಲಿ ವಸಂತದಲ್ಲಿ ಕಾಡಿನೊಳಗೆ ಹೂನಡಿಗೆ ಇಡಬೇಡಿ ಎಂದೇ ನಾನು ಹೇಳುತ್ತೇನೆ. ಊರೊಳಗಿನ ಮರಗಳನ್ನು ನೋಡಿ, ಕಾಡಿನ ಹೂವಿಗೆ ಮಳೆಗಾಲ ಮುಗಿಯಲಿ. ಆರೋಗ್ಯ ಇಲಾಖೆಯವರನ್ನು ಕೇಳದೆ ಒಂದು ಹೆಜ್ಜೆಯೂ ಬೇಡ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ತಿಳಿಸಬೇಕಾದವರಿಗೆ ತಿಳಿಸಿ.

ಊಟ ನೀರಿನ ಬಗ್ಗೆ ಹೆಚ್ಚು ಹೇಳುವುದಿಲ್ಲ, ನೀವೆಲ್ಲ ಅನುಭವಿಗಳು. ತಲೆಗೆ ಒಂದೂವರೆ ಲೀಟರ್ ನೀರು, ಟೋಪಿ, ಸಕ್ಕರೆ ಕಾಯಿಲೆಯವರಿಗೆ ಎಂಟು ಗಂಟೆಗೆ ಏನಾದರೂ ಹೊಟ್ಟೆಗೆ. ನಡಿಗೆ ಮುಗಿದ ಮೇಲೆ ಮಜ್ಜಿಗೆ.

ಹೂವು ಕೀಳುವುದರ ಬಗ್ಗೆ ಕೇಳಿದ್ದೀರಿ. ಕೊಂಬೆಯಿಂದ ಕೀಳುವಂತಿಲ್ಲ, ಅದರಲ್ಲಿ ಎರಡು ಮಾತಿಲ್ಲ. ಬಿದ್ದ ಹೂವನ್ನು? ನಮ್ಮಲ್ಲಿ ಎತ್ತಿ ನೋಡಿ, ಎತ್ತಿದ ಜಾಗದಲ್ಲೇ ಇಡುವುದು ರೂಢಿ. ಬೂರುಗದ ಹೂವು ಎಸಳು ಕೇಸರಗಳ ಸಮೇತ ದಪ್ಪನೆ ನೆಲಕ್ಕೆ ಬೀಳುತ್ತದಲ್ಲ, ದಪ್ಪ ತೊಗಲಿನಂಥ ಆ ಕೆಂಪು ಹೂವನ್ನು ಜಿಂಕೆಗಳು ಹುಡುಕಿಕೊಂಡು ಬಂದು ತಿನ್ನುತ್ತವೆ. ಹುಲ್ಲು ಒಣಗಿದ ತಿಂಗಳಲ್ಲಿ ಅದು ಅವುಗಳ ಊಟ. ಮನೆಯ ಹೂದಾನಿಗೆ ಅದು ಬೇಡ.

ಇನ್ನೊಂದು ಪ್ರಾಮಾಣಿಕತೆ ನಮ್ಮಲ್ಲಿರಬೇಕು. ಬೆಟ್ಟದ ಇಳಿಜಾರಿನಲ್ಲಿ ಬಣ್ಣಬಣ್ಣವಾಗಿ ಕಾಣುವ ಲಂಟಾನ ನಮ್ಮದಲ್ಲ, ಅಮೆರಿಕ ಖಂಡದಿಂದ ತಂದು ನೆಟ್ಟದ್ದು. ಈಗ ಅದು ಕಾಡಿನ ಕೆಳಹಂತವನ್ನೇ ನುಂಗುತ್ತಿದೆ. ಚೆಂದದ ಹೂವು ಎಂದು ಫೋಟೋ ತೆಗೆಯುವವರನ್ನು ತಡೆಯಬೇಡಿ, ಆದರೆ ವಿಷಯ ಹೇಳಿ. ಬೆಂಗಳೂರಿನ ಗುಲಾಬಿ ಟಬೂಬಿಯಾ ಕೂಡ ಹೊರಗಿನದೇ. ನಗರದವರು ಬೀದಿಮರಗಳ ನಡಿಗೆ ಇಟ್ಟುಕೊಂಡರೆ ನನ್ನ ಆಕ್ಷೇಪವಿಲ್ಲ. 1908ರಲ್ಲಿ ಬೆಂಗಳೂರಿಗೆ ಬಂದ ಜರ್ಮನ್ ತೋಟಗಾರಿಕಾ ತಜ್ಞ ಕ್ರುಂಬಿಗಲ್ ಅವರು ವರ್ಷವಿಡೀ ಒಂದಲ್ಲ ಒಂದು ಬೀದಿಯಲ್ಲಿ ಹೂವಿರುವಂತೆ ಮರಗಳನ್ನು ಯೋಜಿಸಿದರು, ಅದೂ ಕಲಿಯಬೇಕಾದ ಪಾಠವೇ.

ಬೆಟ್ಟ ಹತ್ತಲಾಗದವರಿಗೆ ನಮ್ಮ ಮೂರನೆಯ ನಡಿಗೆ, ಹೊಂಗೆಯದು. ಅದು ಕೆರೆಯ ಏರಿಯ ಮೇಲೆ, ಸಮತಟ್ಟು, ಗಾಲಿಕುರ್ಚಿಯೂ ಹೋಗುತ್ತದೆ. ಏಪ್ರಿಲ್ ನಡುವಿನಲ್ಲಿ ಅಶ್ವಿನಿ ಮಳೆಯ ನಾಲ್ಕು ಹನಿ ಬಿದ್ದಿದ್ದರೆ ಇನ್ನೂ ಚೆಂದ. ಮರದ ತುಂಬ ಜೇನಿನ ಝೇಂಕಾರ, ಕೆಳಗೆ ನಸುಗೆಂಪು ಬಿಳಿ ಹೂವಿನ ಹಾಸು. ಹೊಂಗೆಯ ನೆರಳಿನ ತಂಪು ನಿಮಗೆ ಹೇಳಿಕೊಡಬೇಕಿಲ್ಲ.

“ಇಷ್ಟೆಲ್ಲ ಮಾಡಿದರೂ ಹೂವು ಸಿಗದಿದ್ದರೆ?” ಎಂದು ಚೀಟಿ ಕಳುಹಿಸಿದ್ದೀರಿ. ಆಗಿದೆ. ಮೂರು ವರ್ಷದ ಹಿಂದೆ ಅರಿಶಿನ ಬೂರುಗ ಭರ್ತಿಯಾಗಿ ಅರಳಿತ್ತು, ನಡಿಗೆಯ ಹಿಂದಿನ ರಾತ್ರಿ ಆಲಿಕಲ್ಲು ಮಳೆ ಬಂತು. ಬೆಳಿಗ್ಗೆ ಹೋದರೆ ಕೊಂಬೆಯಲ್ಲಿ ಒಂದೇ ಒಂದು ಹೂವು ಉಳಿದಿತ್ತು. ಉಳಿದವೆಲ್ಲ ಕಪ್ಪು ಬಂಡೆಯ ಮೇಲೆ, ಅಂಗೈಯಗಲದ ಹಳದಿ, ನಡುವೆ ಕಿತ್ತಳೆಯ ಕೇಸರ, ಬಂಡೆಯ ಗುಳಿಗಳಲ್ಲಿ ನಿಂತ ಮಳೆನೀರಿನಲ್ಲಿ ತೇಲುತ್ತಿದ್ದವು. ಬೂರುಗದ ಮೇಲೆ ಹೂವು ನೋಡಲು ಅಷ್ಟು ವರ್ಷ ಕತ್ತು ನೋಯಿಸಿಕೊಂಡಿದ್ದ ನಾವು ಅಂದು ಬಂಡೆಯ ಸುತ್ತ ಕುಳಿತು, ಬಗ್ಗಿ ನೋಡಿದೆವು. ಮೊದಲ ವರ್ಷ ನನ್ನ ಸೆರಗು ಹಿಡಿದು ಕೇಳಿದ್ದ ಹುಡುಗಿ ಈಗ ಪಿಯುಸಿ. ಅಂದು ಅವಳು ಕೊನೆಯಲ್ಲಿ ನಡೆಯುವವಳಾಗಿದ್ದಳು, ಇಬ್ಬರು ಅಜ್ಜಿಯರ ಕೈಹಿಡಿದು. ಗುಳಿಯ ಪಕ್ಕ ಅವರನ್ನು ಮೆಲ್ಲನೆ ಕೂರಿಸಿ, ನೀರಿಗೆ ಕೈಹಾಕದೆ ಬೆರಳು ಚಾಚಿ ತೋರಿಸಿದಳು: “ಇಲ್ಲಿ ನೋಡಿ ಅಜ್ಜಿ, ಹೂವು ಇಲ್ಲಿದೆ.”